ಮೊದಲ ಸರ್ವರನ್ನು ನಾವೇ ಬೀಳಿಸಿ ನೋಡೋಣ

ಕಳೆದ ಸೆಮಿಸ್ಟರ್ ಲ್ಯಾಬ್ ಇಂಟರ್ನಲ್ಸ್ ದಿನ ಬೆಳಿಗ್ಗೆ ಒಬ್ಬ ಜೂನಿಯರ್ ಓಡಿ ಬಂದು, "ಅಣ್ಣ, ಲಾಗಿನ್ ಆಗ್ತಾನೇ ಇಲ್ಲ, ಸುಮ್ನೆ ಸುತ್ತುತ್ತಾ ಇದೆ" ಅಂದ. ಪ್ರೋಗ್ರಾಂ ಸಬ್ಮಿಟ್ ಮಾಡುವ ಪುಟಕ್ಕೆ ಲಾಗಿನ್ ಸ್ಕ್ರಿಪ್ಟ್ ಬರೆದವನು ನಾನೇ. ಹಿಂದಿನ ವಾರವಷ್ಟೇ ಡೆಮೊದಲ್ಲಿ "ಫೇಲ್‌ಓವರ್ ಇದೆ ಸರ್, ಒಂದು ಬಿದ್ರೆ ಇನ್ನೊಂದು" ಅಂತ ಎದೆಯುಬ್ಬಿಸಿ ಹೇಳಿದ್ದೆ. ಆವತ್ತು ಎರಡನೇ ಸರ್ವರ್ ಆರಾಮಾಗಿ ಓಡ್ತಾ ಇತ್ತು. ನನ್ನ ಸ್ಕ್ರಿಪ್ಟ್ ಮಾತ್ರ ಮೊದಲನೆಯದರ ಬಾಗಿಲಲ್ಲೇ ಕಾಯ್ತಾ ನಿಂತಿತ್ತು. ಹೊರಗೆ ಕಾರಿಡಾರ್‌ನಲ್ಲಿ ಒಂದು ಬ್ಯಾಚ್ ಪೂರ್ತಿ ನಿಂತಿತ್ತು.

ಗೊತ್ತಿಲ್ಲದವರಿಗೆ: ಡೈರೆಕ್ಟರಿ ಸರ್ವರ್ ಅಂದ್ರೆ ಬಳಕೆದಾರರ ಪಟ್ಟಿ ಇಟ್ಟುಕೊಂಡು, ಈ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಹೇಳುವ ಸರ್ವರ್. ಅದರ ಜೊತೆ ಮಾತಾಡೋದು ಎಲ್‌ಡ್ಯಾಪ್ ಪ್ರೋಟೋಕಾಲ್‌ನಲ್ಲಿ, ಸಾಮಾನ್ಯವಾಗಿ ಪೋರ್ಟ್ 389ರಲ್ಲಿ. ನಾನು ಬಳಸಿದ್ದು ಪೈಥಾನ್‌ನ ಎಲ್‌ಡ್ಯಾಪ್3 ಲೈಬ್ರರಿ. ಅದರಲ್ಲಿ 'ಸರ್ವರ್‌ಪೂಲ್' ಅಂತ ಒಂದಿದೆ. ಎರಡು ಸರ್ವರ್ ಹೆಸರು ಕೊಟ್ಟರೆ, ಬದುಕಿರುವುದನ್ನು ಅದೇ ಆರಿಸುತ್ತೆ. ಮೂರು ಸಾಲಿನ ಕೆಲಸ. ಡೆಮೊಗೆ ಮುಂಚೆ ಮೊದಲ ಸರ್ವರ್‌ನ ಸರ್ವೀಸ್ ನಿಲ್ಲಿಸಿ ನೋಡಿದ್ದೆ. ತಕ್ಷಣ ಎರಡನೆಯದಕ್ಕೆ ಹೋಯ್ತು. ಮುಗೀತು ಅಂದುಕೊಂಡೆ.

ನನಗೆ ಆಗ ಗೊತ್ತಿಲ್ಲದ ವಿಷಯ ಏನಂದ್ರೆ, ಸರ್ವರ್ ಒಂದೇ ರೀತಿ ಸಾಯಲ್ಲ. ಫ್ರೆಂಡ್‌ಗೆ ಫೋನ್ ಮಾಡೋದನ್ನ ನೆನೆಸಿಕೊಳ್ಳಿ. ಕೆಲವು ಸಲ 'ಸ್ವಿಚ್ ಆಫ್ ಆಗಿದೆ' ಅಂತ ತಕ್ಷಣ ಹೇಳುತ್ತೆ. ಸರ್ವೀಸ್ ನಿಲ್ಲಿಸಿದಾಗ ಆಗೋದು ಇದೇ. ಮಷಿನ್ ಬದುಕಿದೆ, 'ಕನೆಕ್ಷನ್ ರೆಫ್ಯೂಸ್ಡ್' ಅನ್ನುತ್ತೆ. ಕೆಲವು ಸಲ ರಿಂಗೂ ಇಲ್ಲ, ಮೆಸೇಜೂ ಇಲ್ಲ. ನಡುವೆ ಫೈರ್‌ವಾಲ್ ಪ್ಯಾಕೆಟ್ ಡ್ರಾಪ್ ಮಾಡಿದ್ರೆ ಹೀಗಾಗುತ್ತೆ. ಲಿನಕ್ಸ್ ತನ್ನ ಡೀಫಾಲ್ಟ್ ಪ್ರಕಾರ 6 ಸಲ ಮತ್ತೆ ಮತ್ತೆ ಪ್ರಯತ್ನಿಸಿ, 2 ನಿಮಿಷಕ್ಕೂ ಜಾಸ್ತಿ ಕಾದು, ಆಮೇಲೆ ಕೈಬಿಡುತ್ತೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಫೋನ್ ಎತ್ತುತ್ತಾರೆ, ಆದ್ರೆ ಮಾತೇ ಆಡಲ್ಲ. ಸರ್ವರ್ ಪ್ರೋಸೆಸ್ ಹ್ಯಾಂಗ್ ಆಗಿರುತ್ತೆ, ಆದ್ರೆ ಕರ್ನಲ್ ಕನೆಕ್ಷನ್ ತಗೊಳ್ಳುತ್ತೆ. ಪೂಲ್ ಮಾಡುವ ಪರೀಕ್ಷೆ ಸಾಕೆಟ್ ತೆರೆದು ಮುಚ್ಚುವುದಷ್ಟೇ. ಹಾಗಾಗಿ 'ಬದುಕಿದೆ' ಅಂತ ಟಿಕ್ ಹಾಕುತ್ತೆ. ಆವತ್ತು ಆಗಿದ್ದು ಇದೇ.

ನಾನು ಟೈಮ್‌ಔಟ್ ಕೊಟ್ಟಿರಲೇ ಇಲ್ಲ. ಕೊಡದಿದ್ದರೆ ಸರ್ವರ್‌ನ ಉತ್ತರಕ್ಕೆ ಕಾಯುವಾಗ ಈ ಲೈಬ್ರರಿ ಸಾಮಾನ್ಯವಾಗಿ ತಾನಾಗಿ ಮಿತಿ ಹಾಕಲ್ಲ. ಪರ್ಲ್‌ನ ನೆಟ್-ಎಲ್‌ಡ್ಯಾಪ್‌ಗೂ ಸರ್ವರ್‌ಗಳ ಪಟ್ಟಿ ಕೊಡಬಹುದು, ಅಲ್ಲಿ ಡೀಫಾಲ್ಟ್ 120 ಸೆಕೆಂಡ್. ಲಾಗಿನ್ ಬಟನ್ ಒತ್ತಿ 120 ಸೆಕೆಂಡ್ ಕಾಯುವವರು ನಮ್ಮಲ್ಲಿ ಯಾರಿದ್ದಾರೆ?

ಕೊನೆಗೆ ಪೂಲ್ ಬಿಟ್ಟು ನಾನೇ ಒಂದು ಲೂಪ್ ಬರೆದೆ. ಕನೆಕ್ಟ್ ಆಗಲು 3 ಸೆಕೆಂಡ್, ಉತ್ತರಕ್ಕೆ 5 ಸೆಕೆಂಡ್. ಅಷ್ಟರಲ್ಲಿ ಆಗದಿದ್ರೆ ಮುಂದಿನ ಸರ್ವರ್. ಬಿದ್ದದ್ದನ್ನು 60 ಸೆಕೆಂಡ್ ನೆನಪಿಟ್ಟುಕೊಂಡು ಪಕ್ಕಕ್ಕಿಡುತ್ತೆ, ಇಲ್ಲಾಂದ್ರೆ ಬರುವ ಪ್ರತಿಯೊಬ್ಬರೂ ಅದಕ್ಕಾಗಿ ಕಾಯಬೇಕು. ಎರಡೂ ಬಿದ್ದರೆ ಸುತ್ತುತ್ತಾ ಕೂರದೆ, ನೇರವಾಗಿ ಎರರ್ ತೋರಿಸುತ್ತೆ. ಇನ್ನೊಂದು ಮುಖ್ಯ ನಿಯಮ: ಎರರ್ ಕೋಡ್ 49 ಬಂದ್ರೆ, ಅಂದ್ರೆ ಪಾಸ್‌ವರ್ಡ್ ತಪ್ಪಾಗಿದ್ರೆ, ಅಲ್ಲಿಗೇ ನಿಲ್ಲಬೇಕು. ಆ ಸರ್ವರ್ ಸತ್ತಿಲ್ಲ, 'ಇಲ್ಲ' ಅಂತ ಉತ್ತರ ಕೊಟ್ಟಿದೆ. ಅದೇ ಪಾಸ್‌ವರ್ಡನ್ನು ಇನ್ನೊಂದು ಸರ್ವರ್‌ಗೂ ಕಳಿಸಿದ್ರೆ ಒಂದು ತಪ್ಪು ಎರಡಾಗಿ, ಲಾಕೌಟ್ ನಿಯಮ ಇರುವ ಕಡೆ ಅಕೌಂಟೇ ಲಾಕ್ ಆಗಬಹುದು.

ಈಗ ನನ್ನ ವಾದ. ನಮ್ಮ ಡೆಮೊಗಳಲ್ಲಿ ಎಲ್ಲ ಸರಿ ಇದ್ದಾಗ ಎಲ್ಲ ಸರಿ ನಡೆಯುತ್ತೆ ಅಂತ ತೋರಿಸಿ ಮಾರ್ಕ್ಸ್ ತಗೊಳ್ತೀವಿ. ವೈವಾದಲ್ಲಿ ಫೇಲ್‌ಓವರ್‌ನ ಡೆಫಿನಿಷನ್ ಕೇಳ್ತಾರೆ, ನಾವು ಒಪ್ಪಿಸ್ತೀವಿ. ಬೀಳಿಸಿ ತೋರಿಸು ಅಂತ ಯಾರೂ ಕೇಳಲ್ಲ, ನಾವೂ ಮುಂದಾಗಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದು ಅಂದ್ರೆ ಇದೇ ತಾನೇ? ಫೇಲ್‌ಓವರ್ ಅಂತ ರಿಪೋರ್ಟ್‌ನಲ್ಲಿ ಬರೆದವರು ಮೂರು ರೀತಿ ಬೀಳಿಸಿ ತೋರಿಸಲೇಬೇಕು: ಸರ್ವೀಸ್ ನಿಲ್ಲಿಸಿ, ಫೈರ್‌ವಾಲ್‌ನಲ್ಲಿ ಡ್ರಾಪ್ ರೂಲ್ ಹಾಕಿ, ಮತ್ತೆ ಕಿಲ್ ಕಮಾಂಡ್‌ಗೆ ಸ್ಟಾಪ್ ಸಿಗ್ನಲ್ ಕೊಟ್ಟು ಪ್ರೋಸೆಸ್ಸನ್ನು ಹಾಗೇ ನಿಲ್ಲಿಸಿ. ಮೂರೂ ಸೇರಿ 10 ನಿಮಿಷದ ಕೆಲಸ. ಎರಡು ವರ್ಚುವಲ್ ಮಷಿನ್ ಇದ್ದರೆ ಹಾಸ್ಟೆಲ್ ರೂಮಲ್ಲೇ ಮಾಡಬಹುದು.

"ಇಷ್ಟು ಚಿಕ್ಕ ಪ್ರಾಜೆಕ್ಟ್‌ಗೆ ಇದೆಲ್ಲ ಓವರ್ ಆಯ್ತು ಮಗಾ" ಅಂತ ನನ್ನ ರೂಮ್‌ಮೇಟ್ ಅಂದ. ಒಪ್ತೀನಿ, ಚಿಕ್ಕದಕ್ಕೆ ಫೇಲ್‌ಓವರ್ ಬೇಡದೇ ಇರಬಹುದು. ಹಾಗಿದ್ರೆ 'ಇಲ್ಲ' ಅಂತಲೇ ಬರೆಯೋಣ. ಆಗ ಲ್ಯಾಬ್ ಸರ್ ಕಾಗದದ ಮೇಲೆ ಬರೆಸುವ ಏರ್ಪಾಡಾದ್ರೂ ಮಾಡಿಕೊಂಡಿರ್ತಿದ್ರು. ನಾನು 'ಇದೆ' ಅಂದಿದ್ದಕ್ಕೇ ಅವರು ಏನೂ ಮಾಡಿಕೊಂಡಿರಲಿಲ್ಲ.

ಈ ಸೆಮಿಸ್ಟರ್ ಡೆಮೊದಲ್ಲಿ ಕೀಬೋರ್ಡನ್ನ ಆ ಜೂನಿಯರ್ ಕೈಗೇ ಕೊಡ್ತೀನಿ. ಯಾವ ರೀತಿ ಬೀಳಿಸ್ಬೇಕು ಅನ್ನೋದು ಅವನ ಇಷ್ಟ.