ಕಾಡಿನಲ್ಲಿಟ್ಟ ಗಂಟು ಯಾರ ಹೊಣೆ?

ರಜಾ ಬಂತೆಂದರೆ ಬೆನ್ನಿಗೊಂದು ಚೀಲ ಬಿಗಿದು ಬೆಟ್ಟ ಹತ್ತುವ ಹವ್ಯಾಸವು ಈಚೆಗೆ ನಮ್ಮ ಕಾಲೇಜಿನಲ್ಲಿಯೂ ಹಬ್ಬಿದೆ. ಪರೀಕ್ಷೆಯ ಗೈಡುಗಳ ನಡುವೆ ಬಾಡುವ ತರುಣರು ಒಂದೆರಡು ದಿನ ಗಾಳಿಬೆಳಕು ಕಾಣುವುದನ್ನು ಯಾರು ಬೇಡವೆಂದಾರು? ಆದರೆ ಹಿಂದಿರುಗಿದವರು ಕ್ಯಾಂಟೀನಿನಲ್ಲಿ ಕುಳಿತು ಹೇಳುವ ಕಥೆಗಳಲ್ಲಿ ಒಂದು ಮಾತ್ರ ತಪ್ಪದೆ ಇರುತ್ತದೆ. ಡೇರೆಯಲ್ಲಿ ಸಾಮಾನಿಟ್ಟು ಶಿಖರ ನೋಡಲು ಹೋದರಂತೆ. ಬರುವಷ್ಟರಲ್ಲಿ ಕೋತಿಗಳು ಎಲ್ಲವನ್ನೂ ಸೂರೆಮಾಡಿದ್ದುವಂತೆ. ಕೇಳಿದವರು ನಗುತ್ತಾರೆ, ‘ಕಳ್ಳ ಕೋತಿ’ ಎಂದು ತೀರ್ಪನ್ನೂ ಕೊಡುತ್ತಾರೆ. ಆ ತೀರ್ಪಿನ ಮೇಲೆ ನನ್ನದೊಂದು ಅಪೀಲು ಇದೆ.

ಈ ವಿಷಯದಲ್ಲಿ ಹೆಚ್ಚು ಪೆಟ್ಟು ತಿಂದು ಹೆಚ್ಚು ಕಲಿತವರು ಅಮೆರಿಕದವರು. ಕ್ಯಾಲಿಫೋರ್ನಿಯದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದಿಂದ 1940ರವರೆಗೆ ಕಸದ ಗುಂಡಿಯಲ್ಲಿ ಕರಡಿಗಳಿಗೆ ಎಂಜಲು ಹಾಕಿ, ದೀಪ ಬೆಳಗಿಸಿ, ಪ್ರವಾಸಿಗರಿಗೆ ತಮಾಷೆ ತೋರಿಸುತ್ತಿದ್ದರು. ತಮಾಷೆ ನಿಂತಿತು, ರುಚಿ ನಿಲ್ಲಲಿಲ್ಲ. ತಾಯಿ ಕರಡಿ ಮರಿಗೆ ಕಲಿಸಿತು. ಡೇರೆಯವರು ಬುತ್ತಿಯನ್ನು ಎರಡು ಚೀಲಗಳಲ್ಲಿ ಹಂಚಿ, ಮರದ ಕೊಂಬೆಯ ಮೇಲಿಂದ ತಕ್ಕಡಿಯಂತೆ ತೂಗುಹಾಕತೊಡಗಿದರು. ನಮ್ಮ ಅಜ್ಜಿಯರು ಹಾಲುಮೊಸರಿನ ಗಡಿಗೆಯನ್ನು ನೆಲುವಿಗೆ ಏರಿಸುತ್ತಿದ್ದುದಕ್ಕೂ ಇದಕ್ಕೂ ಭೇದವಿಲ್ಲ. ನೆಲುವಿಗೆ ಏರಿಸಿದ ಬೆಣ್ಣೆಯ ಗತಿ ಏನಾಯಿತೆಂಬುದನ್ನು ಗೋಕುಲದ ಕಥೆ ಬಲ್ಲ ನಾವು ಮೊದಲೇ ಹೇಳಬಹುದಾಗಿತ್ತು! ದೊಡ್ಡ ಕರಡಿಯ ಭಾರ ತಾಳದ ಕೊಂಬೆಗೆ ಮರಿಕರಡಿಗಳು ಏರಿದುವು; ಹಗ್ಗವನ್ನು ಕಡಿದುವು. 1998ನೆಯ ಒಂದೇ ವರ್ಷದಲ್ಲಿ ಆ ಉದ್ಯಾನದಲ್ಲಿ ಸುಮಾರು 1,600 ಸಲ ಕರಡಿಗಳ ಹಾವಳಿ ದಾಖಲಾಗಿ, ಆರು ಲಕ್ಷ ಡಾಲರಿಗೂ ಮೀರಿದ ನಷ್ಟವಾಯಿತು. ಅದರಲ್ಲಿ ಬಹುಪಾಲು ಒಳಗೆ ತಿಂಡಿ ಬಿಟ್ಟುಹೋದ ಮೋಟಾರುಗಳ ಬಾಗಿಲು ಕಿತ್ತದ್ದು.

ಅನಂತರ ಅವರು ಮಾಡಿದ ಕೆಲಸ ಗಮನಿಸತಕ್ಕದ್ದು. ಬಿಡಾರಗಳಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ನಿಲ್ಲಿಸಿದರು. ರಾತ್ರಿ ಮೋಟಾರಿನಲ್ಲಿ ತಿನಿಸು ಇಡುವುದನ್ನು ನಿಷೇಧಿಸಿದರು. ಕಾಡಿನೊಳಕ್ಕೆ ನಡೆದುಹೋಗುವವರು ಗಟ್ಟಿಯಾದ ಉರುಳೆ ಡಬ್ಬಿಯನ್ನು ಒಯ್ಯಬೇಕೆಂದು ಕಟ್ಟುಮಾಡಿದರು. ಡಬ್ಬಿಯ ಮೈ ನುಣುಪು, ಹಿಡಿಯಿಲ್ಲ, ಕರಡಿಯ ದವಡೆಗೆ ಸಿಕ್ಕದಷ್ಟು ದಪ್ಪ. ಅನ್ನದೊಡನೆ ಸೋಪು, ಹಲ್ಲುಜ್ಜುವ ಪೇಸ್ಟು, ಮುಲಾಮು, ವಾಸನೆಯಿರುವ ಎಲ್ಲವೂ ಅದರೊಳಗೇ. ಡೇರೆಯಿಂದ ದೂರದಲ್ಲಿ, ಉರುಳಿದರೆ ಹಳ್ಳ ಸೇರದಂಥ ಸಮನೆಲದಲ್ಲಿ ಅದನ್ನು ಇಡಬೇಕು. ಕಾಲಕ್ರಮದಲ್ಲಿ ಹಾವಳಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಇಳಿಯಿತು. ಕರಡಿಗಳು ಸಾಧುಗಳಾದುವೆಂದಲ್ಲ, ಮನುಷ್ಯರು ಡಬ್ಬಿ ಮುಚ್ಚಿದರು, ಅಷ್ಟೆ.

ಡಬ್ಬಿಯೂ ಅಜೇಯವಲ್ಲ. ನ್ಯೂಯಾರ್ಕ್ ಸಂಸ್ಥಾನದ ಅಡಿರಾಂಡಾಕ್ ಬೆಟ್ಟಗಳಲ್ಲಿ, ಕಿವಿಗೆ ಹಳದಿ ಬಿಲ್ಲೆ ಹಾಕಿದ್ದರಿಂದ ‘ಯೆಲ್ಲೊ ಯೆಲ್ಲೊ’ ಎಂದು ಹೆಸರಾದ ಹೆಣ್ಣು ಕರಡಿಯೊಂದಿತ್ತು. ಒಂದು ತೆರದ ಡಬ್ಬಿಯ ಮುಚ್ಚಳವನ್ನು ಹಲ್ಲಿನಿಂದ ಒತ್ತಿ ತಿರುಗಿಸುವುದನ್ನು ಅದು ಕಲಿತಿತು. ತಯಾರಕರು ಎರಡನೆಯ ಬೀಗ ಸೇರಿಸಿದರು, ಅದನ್ನೂ ಬಿಚ್ಚಿತು. ಇದನ್ನು ಓದಿದಾಗ ನನಗೆ, ಆ ಕರಡಿಗೆ ತರ್ಕಶಾಸ್ತ್ರದಲ್ಲಿ ಮೊದಲ ದರ್ಜೆ ಕೊಡಬಹುದೆನ್ನಿಸಿತು. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಅದು ಬಲಿಯಾಯಿತು.

ತಿನ್ನಲು ಏನೂ ಇಲ್ಲದಾಗಲೂ ನಷ್ಟ ತಪ್ಪದು. ಕಾಡಿನಲ್ಲಿ ಉಪ್ಪು ದುರ್ಲಭ. ಬೆವರು ಹೀರಿದ ಚೀಲದ ಪಟ್ಟಿ, ಬೂಟು, ಕೊಡಲಿಯ ಕಾವು ಇವನ್ನು ಅಲ್ಲಿಯ ಮುಳ್ಳುಹಂದಿ ಕಡಿಯುವುದು ಉಪ್ಪಿಗಾಗಿ. ಕ್ಯಾಲಿಫೋರ್ನಿಯದ ಮಿನರಲ್ ಕಿಂಗ್ ಕಣಿವೆಯಲ್ಲಿ ಮಾರ್ಮೊಟ್ ಎಂಬ ದೊಡ್ಡ ಅಳಿಲಿನ ಜಾತಿಯ ಪ್ರಾಣಿ ಮೋಟಾರುಗಳ ರಬ್ಬರು ಕೊಳವೆಗಳನ್ನೂ ತಂತಿಗಳನ್ನೂ ಕಡಿಯುತ್ತದೆಂದು ಜನರು ಇಡೀ ಗಾಡಿಗೆ ಟಾರ್ಪಾಲು ಸುತ್ತಿ ಬೆಟ್ಟ ಹತ್ತುತ್ತಾರೆ. ಇಲಿಗಳಿಗೆ ಬೇರೆ ಉಪಾಯವುಂಟು: ಚೀಲ ಖಾಲಿಮಾಡಿ ಬಾಯಿ ತೆರೆದೇ ಬಿಡುವುದು. ಒಳಹೊಕ್ಕು, ಏನೂ ಇಲ್ಲವೆಂದು ಹೊರಬರುವ ಇಲಿ ಬಟ್ಟೆಗೆ ತೂತು ಕೊರೆಯುವುದಿಲ್ಲ. ಇಷ್ಟು ಸುಲಭದ ಯುಕ್ತಿ ಎಲ್ಲ ಪ್ರಾಣಿಗಳಿಗೂ ಸಲ್ಲುವಂತಿದ್ದರೆ!

ನಮ್ಮ ಸೀಮೆಗೆ ಬರೋಣ. ನಮ್ಮ ಕರಡಿಗೆ ಗೆದ್ದಲು, ಜೇನು, ಹಣ್ಣು ಮುಖ್ಯ. ಡೇರೆಯ ಉಪ್ಪಿಟ್ಟಿನ ಗೊಡವೆ ಅದಕ್ಕೆ ಅಷ್ಟಿಲ್ಲ. ಆನೆಗೆ ಉಪ್ಪೂ ಧಾನ್ಯವೂ ಬೇಕು. ಅದು ಬಂದರೆ ಯಾವ ಡಬ್ಬಿಯೂ ನಿಲ್ಲದು, ಆದ್ದರಿಂದ ಆನೆಯ ದಾರಿಯಲ್ಲಿ ಬಿಡಾರ ಹೂಡದಿರುವುದೇ ವಿವೇಕ. ಉಳಿದದ್ದು ಕೋತಿ. ಅದಕ್ಕೆ ನೆಲುವು ಉಯ್ಯಾಲೆಯಾದೀತು! ಚೀಲದ ಜಿಪ್ಪನ್ನೂ ಬಾಟಲಿಯ ಮುಚ್ಚಳವನ್ನೂ ಬಿಚ್ಚುವ ಕೈ ಅದಕ್ಕಿದೆ.

ನಾನು ಹುಟ್ಟಿ ಬೆಳೆದದ್ದು ಅಂಥದೊಂದು ಬೆಟ್ಟದ ಬುಡದ ಹಳ್ಳಿಯಲ್ಲಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೆಂಚು ಹೊದಿಸಲು ಮಾಡಿನ ಮೇಲೆ ಹತ್ತುವವನೂ ನಾನೇ. ಭಾನುವಾರದವರೆಗೆ ಬಿಸ್ಕತ್ತು, ಚಿಪ್ಸು, ಬಾಳೆಹಣ್ಣು ಸಲ್ಲಿಸಿ ಪೇಟೆಯ ಅತಿಥಿಗಳು ಬಸ್ಸು ಹತ್ತುತ್ತಾರೆ. ಸೋಮವಾರ ಕೋತಿಗಳಿಗೆ ಹಸಿವು. ಆಗ ಅವು ಇಳಿಯುವುದು ನಮ್ಮ ಹಿತ್ತಿಲಿಗೆ, ಸರಿಸುವುದು ನಮ್ಮ ಹೆಂಚು, ಬಗ್ಗಿ ನೋಡುವುದು ನಮ್ಮ ಅವ್ವನ ಅಡಿಗೆಮನೆ. ಕವಣೆಯ ಕಲ್ಲು ತಾಗಿ ಕುಂಟುವ ಕೋತಿಯನ್ನು ನೋಡಿದಾಗ ಕಲ್ಲೆಸೆದ ರೈತನನ್ನು ನಾನು ಬಯ್ಯಲಾರೆ, ಅವನ ಒಂದು ವರ್ಷದ ಬಾಳು ಆ ತೋಟದಲ್ಲಿದೆ. ಆದರೆ ಅವನ ಕೈಯಲ್ಲಿ ಕಲ್ಲಿಟ್ಟವರು ಯಾರು? ‘ಉಣಿಸಿದ ಕರಡಿ ಸತ್ತ ಕರಡಿ’ ಎಂದು ಅಮೆರಿಕದಲ್ಲಿ ಒಂದು ಮಾತಿದೆ. ನಮ್ಮಲ್ಲಿ ಅದಕ್ಕೆ ಒಬ್ಬ ಬಡವನ ನಷ್ಟವನ್ನೂ ಸೇರಿಸಬೇಕು. ಕ್ಯಾಂಟೀನಿನ ಕಥೆಯಲ್ಲಿ ಈ ಸೋಮವಾರ ಬರುವುದೇ ಇಲ್ಲ.

ಮುಂದಿನ ವರ್ಷದ ಚಾರಣಕ್ಕೆ ಹಣ ಮಂಜೂರು ಮಾಡುವ ಅಧ್ಯಾಪಕ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೆ. ಚಿಲಕವುಳ್ಳ ಎರಡು ಉಕ್ಕಿನ ಡಬ್ಬಿಗಳನ್ನು ಬಟ್ಟೆಯ ಬ್ಯಾನರಿಗಿಂತ ಮೊದಲು ಕೊಳ್ಳಿರಿ. ಶಿಖರಕ್ಕೆ ಹೋಗುವಾಗ ಇಬ್ಬರು ಸರದಿಯಂತೆ ಬಿಡಾರ ಕಾಯಲಿ, ಎಂಜಲು ನಮ್ಮ ಚೀಲದಲ್ಲೇ ಊರಿಗೆ ಮರಳಲಿ. ಡಬ್ಬಿ ಭಾರವೆಂದು ಮಿತ್ರರು ಆಗಲೇ ಆಕ್ಷೇಪಿಸಿದ್ದಾರೆ. ಅಮೆರಿಕದ ಡಬ್ಬಿಯೂ ಖಾಲಿ ಇರುವಾಗಲೇ ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ಅಲ್ಲಿಯವರೂ ಗೊಣಗುತ್ತಲೇ ಹೊರುತ್ತಾರೆ.