ತೊಟ್ಟಿಮನೆಯೂ ಉಷ್ಣಶಾಸ್ತ್ರವೂ

ಮನೆಯ ಯೋಗ್ಯತೆಯನ್ನು ಅದಕ್ಕೆ ಸುರಿದ ಸಿಮೆಂಟಿನಿಂದ ಅಳೆಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಹಳೆಯ ತೊಟ್ಟಿಮನೆಗಳು ಒಂದೊಂದಾಗಿ ಉರುಳಿ, ಅವುಗಳ ನೆಲೆಯಲ್ಲಿ ಕಾಂಕ್ರೀಟಿನ ತಾರಸಿಗಳು ಏಳುತ್ತಿವೆ. ಜನಗಣತಿಯ ಪರಿಭಾಷೆಯಲ್ಲಿ ಮಣ್ಣಿನ ಗೋಡೆ ‘ಕಚ್ಚಾ’, ಸುಟ್ಟ ಇಟ್ಟಿಗೆಯದು ‘ಪಕ್ಕಾ’. ಈ ಎರಡು ಪದಗಳ ಮುಂದೆ ಉಷ್ಣಮಾಪಕದ ಸಾಕ್ಷ್ಯಕ್ಕೆ ಬೆಲೆಯಿಲ್ಲದಂತಾಗಿದೆ. ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲ.

ಈ ಸೀಮೆಯ ಒಕ್ಕಲುಮನೆಯ ರಚನೆಯನ್ನು ಮೊದಲು ಗಮನಿಸೋಣ. ಬೀದಿಯ ಕಡೆಗೆ ಜಗಲಿ. ಒಳಗೆ ನಟ್ಟನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಅದರ ಸುತ್ತ ಕಂಬಗಳ ಪಡಸಾಲೆ. ಅದರ ಹಿಂದೆ ಕೋಣೆಗಳು, ಅಡುಗೆಮನೆ. ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದು, ಸೂರಿಗೆ ನಾಡಹೆಂಚು, ಕೋಣೆಯ ಮೇಲೆ ಮಣ್ಣು ಹಾಸಿದ ಅಟ್ಟ. ಕೊಟ್ಟಿಗೆ ಮನೆಯ ಒಂದು ಮಗ್ಗುಲಲ್ಲಿ ಅಥವಾ ಹಿತ್ತಿಲಿನಲ್ಲಿ. ಅದರಾಚೆಗೆ ತಿಪ್ಪೆ, ಹುಲ್ಲಿನ ಮೆದೆ, ಕಣ. ರಾಗಿಗೆ ನೆಲದೊಳಗಣ ಹಗೇವು.

ನಡುಹಗಲಿನ ಶಾಖ ಮಣ್ಣಿನ ಗೋಡೆಯನ್ನು ಬಹಳ ನಿಧಾನವಾಗಿ ದಾಟುತ್ತದೆ. ಲೆಕ್ಕಹಾಕಿದರೆ, ಒಂದೂವರೆ ಅಡಿ ದಪ್ಪವನ್ನು ದಾಟಲು ಅದಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಉಷ್ಣತೆಯ ಏರಿಳಿತ ಹತ್ತರಲ್ಲೊಂದಂಶಕ್ಕೂ ಕಡಮೆಯಾಗಿರುತ್ತದೆ. ನಾಲ್ಕು ಅಂಗುಲದ ಕಾಂಕ್ರೀಟು ಹಲಗೆಯಾದರೋ ಅದೇ ಶಾಖವನ್ನು ಸುಮಾರು ಮೂರು ಗಂಟೆಗಳಲ್ಲಿ ಒಳಗಿಳಿಸಿ, ಹೊಲದಿಂದ ದಣಿದು ಬಂದವನ ತಲೆಯ ಮೇಲೆ ಸಂಜೆಯೆಲ್ಲ ಸುರಿಸುತ್ತದೆ. ಹೆಂಚು ತೆಳುವಾದುದರಿಂದ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೆಂಚುಗಳ ಸಂದಿನಲ್ಲಿ ಬಿಸಿಗಾಳಿ ಹೊರಬೀಳುತ್ತದೆ. ಅಟ್ಟದ ಮಣ್ಣು ಉಳಿದ ಶಾಖವನ್ನು ತಡೆಯುತ್ತದೆ. ನೀಲಗಿರಿಯ ಮಗ್ಗುಲಿನ ಈ ಒಣ ಸೀಮೆಯಲ್ಲಿ ಇರುಳು ತಂಪು. ಆಗ ತೊಟ್ಟಿಯ ನೆಲ ತನ್ನ ಶಾಖವನ್ನು ವಿಕಿರಣದಿಂದ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಂಪಾದ ಗಾಳಿ ಭಾರವಾಗಿ ಕೆಳಗಿಳಿದು ಪಡಸಾಲೆಗೆ ಹರಿಯುತ್ತದೆ.

ಹಗೇವಿನ ಯುಕ್ತಿ ಇನ್ನೂ ಸೊಗಸಾದುದು. ಬಾಯಿ ಮುಚ್ಚಿದ ಮೇಲೆ ಕಾಳೂ ಹುಳುಗಳೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತವೆ. ಹುಳು ಸಾಯುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಇಂಗಾಲಾಮ್ಲ ಅನಿಲ ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದೊಡನೆ ಇಳಿದವರು ಪ್ರಾಣ ಕಳೆದುಕೊಂಡದ್ದುಂಟು. ಗಾಳಿಯಾಡಲು ಬಿಟ್ಟು, ದೀಪವನ್ನಿಳಿಸಿ ನೋಡುವ ವಾಡಿಕೆ ಹುಟ್ಟಿದ್ದು ಅದರಿಂದಲೇ.

ಇಂಥ ಜಾಣ್ಮೆ ನಮ್ಮೊಬ್ಬರ ಸ್ವತ್ತಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಆರ್ನಾಲ್ ಗ್ರಾಮದಲ್ಲಿ ಒಂದು ಹಳೆಯ ಒಕ್ಕಲುಮನೆಯಿದೆ. ಎರಡು ಕಲ್ಲುಗೋಡೆಗಳ ನಡುವೆ ಮಣ್ಣು ತುಂಬಿ ಕಟ್ಟಿದ್ದು. ಜನರಿಗೂ ದನಗಳಿಗೂ ಒಂದೇ ಸೂರು. ಹಸುವೊಂದರ ಮೈ ಕೆಲವು ನೂರು ವಾಟ್ ಶಾಖ ಕೊಡುತ್ತದೆ. ಚಳಿಯ ನಾಡಿನಲ್ಲಿ ಅದೂ ಒಂದು ಒಲೆಯೇ. ಇಲ್ಲಿ ಬಿಸಿಲನ್ನು ತಡೆಯುವ ದಪ್ಪಗೋಡೆ ಅಲ್ಲಿ ಶಾಖವನ್ನು ಹಿಡಿದಿಡುತ್ತದೆ. 1966ರವರೆಗೆ ಜನರು ವಾಸವಾಗಿದ್ದ ಆ ಮನೆಯನ್ನು ಅವರು ಕೆಡವಲಿಲ್ಲ, ಸ್ಮಾರಕವಾಗಿ ಕಾಪಾಡಿದ್ದಾರೆ.

ಹಾಗೆಂದು ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳುವುದಿಲ್ಲ. ತೊಟ್ಟಿಮನೆಯ ಕೋಣೆಗಳು ಕತ್ತಲೆ. ಅಡುಗೆಮನೆಯ ಹೊಗೆ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಗೋಡೆಯ ಬುಡಕ್ಕೆ ನೀರು, ತೊಲೆಗೆ ಗೆದ್ದಲು. ವರ್ಷ ವರ್ಷವೂ ಹೆಂಚು ಕೈಯಾಡಿಸಬೇಕು, ಗೋಡೆ ಸಾರಿಸಬೇಕು. ಅಣ್ಣತಮ್ಮಂದಿರು ಹಿಸ್ಸೆಯಾದರೆ ತೊಟ್ಟಿಯನ್ನು ಹಂಚಿಕೊಳ್ಳುವುದೂ ಕಷ್ಟ. ಇವೆಲ್ಲವೂ ನಿಜವಾದ ದೋಷಗಳು. ಆದರೆ ಒಂದಾದರೂ ದಪ್ಪಗೋಡೆಯನ್ನು ಕೆಡವಲೇಬೇಕಾದ ದೋಷವಲ್ಲ. ಕಿಟಕಿ ಇಡಬಹುದು, ಹೊಗೆಗೊಳವಿ ಏರಿಸಬಹುದು, ಗೋಡೆಯ ಬುಡವನ್ನು ಕಲ್ಲಿನಿಂದ ಕಟ್ಟಬಹುದು. ಕರಿಕಲ್ಲಿಗೆ ಹೆಸರಾದ ಚಾಮರಾಜನಗರದಲ್ಲಿ ಕಲ್ಲಿಗೆ ಬರವೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಆಸ್ತ್ರ’ ಕೇಂದ್ರದವರು, ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಮಳೆಗೂ ಜಗ್ಗದೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಸುಡುವ ಸೌದೆಯೂ ಅದಕ್ಕೆ ಬೇಡ.

ನಮ್ಮ ಸಲಹೆ ಬಹು ಸಣ್ಣದು. ಈ ಎರಡು ತಾಲ್ಲೂಕುಗಳ ಕಾಲೇಜು, ಪ್ರೌಢಶಾಲೆಗಳ ವಿದ್ಯಾರ್ಥಿಗಳು ಏಪ್ರಿಲ್ ತಿಂಗಳಿನಲ್ಲಿ ಒಂದು ತೊಟ್ಟಿಮನೆಯಲ್ಲಿಯೂ ಒಂದು ತಾರಸಿ ಮನೆಯಲ್ಲಿಯೂ ಉಷ್ಣಮಾಪಕವನ್ನು ತೂಗುಹಾಕಿ, ವಾರದ ಕಾಲ ಗಂಟೆಗೊಮ್ಮೆ ಬರೆದಿಡಲಿ. ಗೋಡೆಯ ದಪ್ಪ, ತೊಟ್ಟಿಯ ಅಳತೆ, ಕೊಟ್ಟಿಗೆಯ ದಿಕ್ಕು, ಇವುಗಳ ನಕ್ಷೆ ತೆಗೆಯಲಿ. ಗೋಡೆ ಹಾಕಿದ ಮುದುಕರಿನ್ನೂ ಇರುವಾಗಲೇ ಮಣ್ಣು ಹದಮಾಡುವ ಕ್ರಮವನ್ನು ಕೇಳಿ ತಿಳಿಯಲಿ. ಖರ್ಚು ಎರಡು ಉಷ್ಣಮಾಪಕಗಳದು ಮಾತ್ರ.

ಆ ಅಂಕಿಗಳು ನಮ್ಮ ಲೆಕ್ಕವನ್ನು ಸುಳ್ಳೆಂದು ತೋರಿಸಿದರೆ ಸಂತೋಷದಿಂದ ಒಪ್ಪಿಕೊಳ್ಳೋಣ. ನಿಜವೆಂದು ತೋರಿಸಿದರೆ, ‘ಕಚ್ಚಾ’ ಎಂಬ ಮಾತಿಗೆ ಹೆದರಿ ಮನೆ ಕೆಡವಲು ಹೊರಟ ಒಕ್ಕಲಿಗನ ಕೈಗೆ ಆ ಕಾಗದವನ್ನು ಕೊಡೋಣ. ನಿರ್ಧಾರ ಅವನದು; ಆದರೆ ಅಳೆದು ನೋಡಿದ ಮೇಲಿನ ನಿರ್ಧಾರವಾಗಲಿ.