ಥೇಮ್ಸ್ ದಡದಿಂದ ವೃಷಭಾವತಿಯ ದಡಕ್ಕೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಅನುಭವದ ಮಾತು. ದೇಶ ಸುತ್ತಿ ಕೋಶಕ್ಕೂ ಸೇರಿಸಿದ ಕನ್ನಡಿಗರಿಗೆ ಕೊರತೆಯಿಲ್ಲ. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಎಂಬ ಕೃತಿಯನ್ನಿತ್ತರು; ಶಿವರಾಮ ಕಾರಂತರು ‘ಅಪೂರ್ವ ಪಶ್ಚಿಮ’ವನ್ನು ಬರೆದರು. ಅಂದು ಹಡಗಿನಲ್ಲಿ ವಾರಗಟ್ಟಲೆ ಸಾಗಬೇಕಾಗಿದ್ದ ದೂರವನ್ನು ಇಂದು ಬೆಂಗಳೂರಿನಿಂದ ಹೊರಟ ವಿಮಾನವು ಸುಮಾರು ಹತ್ತು ಗಂಟೆಗಳಲ್ಲಿ ಕ್ರಮಿಸುತ್ತದೆ. ನಮ್ಮ ಬಾಪೂಜಿನಗರದಂತಹ ಮಧ್ಯಮವರ್ಗದ ಬಡಾವಣೆಯಿಂದಲೂ ಸಂಸಾರಗಳು ಚಟ್ನಿಪುಡಿ, ಅವಲಕ್ಕಿಗಳನ್ನು ಕಟ್ಟಿಕೊಂಡು ಹತ್ತು ದಿನಗಳ ಯೂರೋಪ್ ಪ್ರವಾಸಕ್ಕೆ ಹೊರಡುತ್ತಿವೆ. ಇದು ಸಂತೋಷದ ಸಂಗತಿಯೇ. ಆದರೆ ಹೀಗೆ ಹೋದವರು ಮರಳಿ ತರುವುದೇನು ಎಂಬ ಪ್ರಶ್ನೆಯನ್ನು ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಎತ್ತುವುದು ಅನುಚಿತವಾಗಲಾರದು.

ಪ್ರವಾಸದಿಂದ ಬಂದವರ ಬಾಯಲ್ಲಿ ಸಾಮಾನ್ಯವಾಗಿ ಎರಡು ತೀರ್ಪುಗಳು ಕೇಳಿಬರುತ್ತವೆ. ‘ಅಲ್ಲಿನ ಶುಚಿತ್ವ, ಶಿಸ್ತು ಅವರ ರಕ್ತದಲ್ಲೇ ಇದೆ, ನಮ್ಮವರಿಗೆ ಅದು ಬಾರದು’ ಎಂಬುದು ಒಂದು. ‘ಏನಿದ್ದರೇನು, ಅಲ್ಲಿ ಬಂಧುಬಳಗವಿಲ್ಲ, ನಮ್ಮ ಸಂಸ್ಕೃತಿಯೇ ಮೇಲು’ ಎಂಬುದು ಇನ್ನೊಂದು. ಒಂದು ಆತ್ಮನಿಂದೆ, ಮತ್ತೊಂದು ಆತ್ಮಪ್ರಶಂಸೆ. ಮೇಲ್ನೋಟಕ್ಕೆ ಇವು ವಿರುದ್ಧವಾಗಿ ಕಂಡರೂ ಫಲ ಒಂದೇ: ಊರಿಗೆ ಬಂದ ಮೇಲೆ ನಾವು ಮಾಡಬೇಕಾದ ಕೆಲಸವೇನೂ ಉಳಿಯುವುದಿಲ್ಲ.

ಲಂಡನ್ನಿಗೆ ಹೋದ ಕನ್ನಡ ಕುಟುಂಬಗಳು ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವೇಶ್ವರರ ಪ್ರತಿಮೆಯನ್ನು ತಪ್ಪದೆ ಸಂದರ್ಶಿಸುತ್ತವೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿಗಳು ಅದನ್ನು ಅನಾವರಣಗೊಳಿಸಿದರು. ನಾವು ಸಂಸಾರ ಸಮೇತ ಅಲ್ಲಿ ನಿಂತಿದ್ದಾಗ ಮೊಮ್ಮಗಳು, ‘ತಾತ, ಈ ನದಿ ನಮ್ಮ ನದಿಯ ಹಾಗೆ ನಾರುವುದಿಲ್ಲವೇಕೆ?’ ಎಂದು ಕೇಳಿದಳು. ಅದಕ್ಕೆ ಉತ್ತರ ರಕ್ತದಲ್ಲಿಲ್ಲ, ಇತಿಹಾಸದಲ್ಲಿದೆ. 1858ರ ಬೇಸಿಗೆಯಲ್ಲಿ ಇದೇ ಥೇಮ್ಸ್ ಎಷ್ಟು ನಾರಿತೆಂದರೆ, ಪಾರ್ಲಿಮೆಂಟ್ ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ತೋಯಿಸಿ ತೂಗುಹಾಕಬೇಕಾಯಿತು. ಸದಸ್ಯರ ಮೂಗಿಗೇ ಬಂದ ಮೇಲೆ ಕಾನೂನು ಬೇಗನೆ ಬಂದಿತು. ಜೋಸೆಫ್ ಬ್ಯಾಝಲ್‌ಗೆಟ್ ಎಂಬ ಎಂಜಿನಿಯರು ನಗರದ ಕೊಳಚೆಯನ್ನು ಊರಾಚೆಗೆ ಒಯ್ಯುವ ಭಾರಿ ಒಳಚರಂಡಿಗಳನ್ನು ಕಟ್ಟಿದರು. ಬಸವಣ್ಣನವರ ಪ್ರತಿಮೆ ನಿಂತಿರುವ ದಂಡೆಯೂ 1860ರ ದಶಕದಲ್ಲಿ ಅವರೇ ಕಟ್ಟಿಸಿದ್ದು. ಆದರೂ ನದಿ ಒಮ್ಮೆಗೇ ಬದುಕಲಿಲ್ಲ. 1957ರಲ್ಲಿ ವಿಜ್ಞಾನಿಗಳು ಥೇಮ್ಸನ್ನು ಜೀವರಹಿತವೆಂದೇ ಸಾರಿದ್ದರು. ಕೊಳಚೆ ಶುದ್ಧೀಕರಣ ಸುಧಾರಿಸಿದ ಬಳಿಕ 1974ರಲ್ಲಿ ಸಾಲ್ಮನ್ ಮೀನು ಮತ್ತೆ ಕಾಣಿಸಿಕೊಂಡಿತು.

ನೆದರ್‌ಲ್ಯಾಂಡ್ಸಿನ ಬೈಸಿಕಲ್ಲುಗಳ ಕಥೆಯೂ ಇಂತಹುದೇ. ಅದು ಅನಾದಿಯಿಂದ ಅಡೆತಡೆಯಿಲ್ಲದೆ ಬಂದ ಸಂಪ್ರದಾಯವೆಂದು ಪ್ರವಾಸಿಗರು ಭಾವಿಸುತ್ತಾರೆ. ಯುದ್ಧಾನಂತರ ಅಲ್ಲಿಯೂ ಮೋಟಾರುಗಳು ಬೀದಿಗಳನ್ನು ಆಕ್ರಮಿಸಿ, 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ನೂರಾರು ಮಕ್ಕಳು ಅಪಘಾತಗಳಿಗೆ ಬಲಿಯಾಗುತ್ತಿದ್ದರು. ತಂದೆತಾಯಂದಿರು ಬೀದಿಗಿಳಿದು ಚಳವಳಿ ನಡೆಸಿದರು. 1973ರ ತೈಲ ಬಿಕ್ಕಟ್ಟೂ ಅದಕ್ಕೆ ಒತ್ತು ಕೊಟ್ಟಿತು. ಇಂದಿನ ಸುಸಜ್ಜಿತ ಸೈಕಲ್ ದಾರಿಗಳು ಆ ಹೋರಾಟದ ಫಲ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಒಳಚರಂಡಿಗೆ ಹಣವೊದಗಿಸಿದ ಪಾರ್ಲಿಮೆಂಟೇ ಅದೇ 1858ರ ಆಗಸ್ಟಿನಲ್ಲಿ ಭಾರತದ ಆಡಳಿತವನ್ನು ಬ್ರಿಟಿಷ್ ರಾಜಸತ್ತೆಗೆ ವಹಿಸುವ ಶಾಸನವನ್ನೂ ಮಾಡಿತು. ಸಾಮ್ರಾಜ್ಯದ ಸಂಪತ್ತು ಅವರ ಬೆನ್ನಿಗಿತ್ತೆಂಬುದನ್ನು ಮರೆಯಲಾಗದು. ಅವರ ಕೆಲಸ ಇಂದಿಗೂ ಪೂರ್ಣವಾಗಿಲ್ಲವೆಂಬುದೂ ನಿಜ: ಮಳೆ ಬಂದಾಗ ಕೊಳಚೆ ಉಕ್ಕಿ ಥೇಮ್ಸ್ ಸೇರುವುದನ್ನು ತಡೆಯಲು 25 ಕಿಲೋಮೀಟರ್ ಉದ್ದದ ಹೊಸ ಸುರಂಗವೊಂದು 2025ರಲ್ಲಿಯಷ್ಟೇ ಪೂರ್ಣವಾಗಿ ಜೋಡಣೆಗೊಂಡಿತು. ಆದರೆ ಇದರಿಂದ ನನ್ನ ಮಾತು ಬಲಗೊಳ್ಳುತ್ತದೆಯೇ ಹೊರತು ಕುಗ್ಗುವುದಿಲ್ಲ. ಶುಚಿತ್ವವು ಒಂದು ಜನಾಂಗದ ಗುಣವಲ್ಲ. ಹಣ, ಕಾನೂನು, ವಿಜ್ಞಾನ ಮತ್ತು ತಲೆಮಾರುಗಳ ನಿರಂತರ ಕಾಯಕದಿಂದ ಅದು ದೊರಕುತ್ತದೆ, ಕಾಯಕ ನಿಂತರೆ ಕಳೆದುಹೋಗುತ್ತದೆ.

ಈಗ ನಮ್ಮ ನೆರೆಯನ್ನು ನೋಡೋಣ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವಿರುವ ವೃಷಭಾವತಿಯು ಮೈಸೂರು ರಸ್ತೆಯ ಮಗ್ಗುಲಲ್ಲಿ, ಗಾಳಿ ಆಂಜನೇಯನ ಗುಡಿಯ ಬಳಿ ಹರಿಯುತ್ತಾಳೆ. ನಮ್ಮ ಮಕ್ಕಳು ಆಕೆಯನ್ನು ‘ಮೋರಿ’ ಎಂದೇ ಬಲ್ಲರು. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ತರಿಸಿ ಬಳಸುವ ನಾವು, ಅದನ್ನು ಕೊಳಚೆಯಾಗಿಸಿ ವೃಷಭಾವತಿಗೆ ಬಿಡುತ್ತೇವೆ. ಶುದ್ಧೀಕರಣ ಘಟಕಗಳಿದ್ದರೂ ಎಲ್ಲ ಕೊಳಚೆಯೂ ಅವುಗಳನ್ನು ಹಾದುಹೋಗುತ್ತಿಲ್ಲ. ಆ ನೀರು ಬಿಡದಿಯ ಬಳಿಯ ಬೈರಮಂಗಲದ ಕೆರೆಯಲ್ಲಿ ನೊರೆಯೆದ್ದು, ರೈತರ ಹೊಲಗಳನ್ನು ಹಾದು, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಯನ್ನೇ ಸೇರುತ್ತದೆ. ‘ಬಸವ’ ಎಂಬುದು ‘ವೃಷಭ’ದ ತದ್ಭವವೆಂದು ವ್ಯಾಕರಣ ಕಲಿಸುತ್ತೇವೆ. ಸಾಗರದಾಚೆಯ ನದೀತೀರದಲ್ಲಿ ಬಸವಣ್ಣನವರಿಗೆ ಕೈಮುಗಿದು, ಮನೆಯ ಬಳಿ ಅದೇ ಹೆಸರಿನ ನದಿಯನ್ನು ಮೂಗು ಮುಚ್ಚಿಕೊಂಡು ದಾಟುವುದು ನಮಗೆ ಶೋಭಿಸುವುದೇ?

ಆದಕಾರಣ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಅಧ್ಯಾಪಕ ಬಂಧುಗಳು ಪ್ರತಿವರ್ಷ ಪ್ರೌಢಶಾಲೆಯ ಮಕ್ಕಳನ್ನು ವೃಷಭಾವತಿಯ ದಡದಲ್ಲಿ ನಡೆಸಿ, ನೀರಿನ ಮಾದರಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ದಾಖಲೆಯಿಡಲಿ. ವಿದೇಶಕ್ಕೆ ಹೋಗುವ ಹಳೆಯ ವಿದ್ಯಾರ್ಥಿಗಳು ತಮ್ಮ ಹತ್ತು ದಿನಗಳಲ್ಲಿ ಒಂದು ದಿನವನ್ನು ಅಲ್ಲಿನ ನೀರು, ಕಸ, ಸಾರಿಗೆ ಇವುಗಳಲ್ಲಿ ಯಾವುದಾದರೊಂದರ ವ್ಯವಸ್ಥೆಯನ್ನು ತಿಳಿಯಲು ಮೀಸಲಿಟ್ಟು, ಎರಡು ಪುಟ ಬರೆದು ಈ ಸಂಚಿಕೆಗೆ ಕಳುಹಿಸಲಿ. ದಾನಿಗಳು ಕಟ್ಟಡಗಳಿಗೆ ನೀಡುವ ಔದಾರ್ಯದಲ್ಲಿ ಒಂದಂಶವನ್ನು ಆ ಪರೀಕ್ಷಾ ಉಪಕರಣಗಳಿಗೂ ನೀಡಲಿ. ಹತ್ತು ವರ್ಷಗಳ ಕಾಲ ಮಕ್ಕಳು ತಪ್ಪದೆ ಬರೆದಿಟ್ಟ ಅಂಕಿಗಳನ್ನು ಹಿಡಿದು ಅಧಿಕಾರಿಗಳ ಮುಂದೆ ನಿಂತರೆ, ಅವುಗಳನ್ನು ತಳ್ಳಿಹಾಕುವುದು ಅಷ್ಟು ಸುಲಭವಾಗಲಾರದು.